ಕಂಪಾಲಾಕ್ಕೆ ರಾಗಿ ಹೊತ್ತುಕೊಂಡು ಬರಬೇಡಿ

ಉಗಾಂಡಾದ ಕಂಪಾಲಾದಲ್ಲಿ ಯಜಮಾನರಿಗೆ ಕೆಲಸ ಸಿಕ್ಕಿದೆ, ಮಗು ಚಿಕ್ಕದು, ಬಡ ದೇಶ ಅಲ್ವಾ, ಅಲ್ಲಿ ಒಳ್ಳೆ ಊಟ ಸಿಗುತ್ತಾ, ರಾಗಿಹಿಟ್ಟು ಎಷ್ಟು ಕೆಜಿ ತರಲಿ ಅಂತ ಕೇಳಿದ್ದೀರಿ. ಒಂದು ಕೆಜಿಯೂ ಬೇಡಮ್ಮಾ. ರಾಗಿಯ ತವರೇ ಈ ಕಡೆ. ಪೂರ್ವ ಆಫ್ರಿಕಾದ ಗುಡ್ಡಗಾಡಿನಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಕಾಳು ಅದು. ಪಶ್ಚಿಮ ಉಗಾಂಡಾದವರು ಅದರ ಹಿಟ್ಟು ತೊಳಸಿ 'ಕಾಲೊ' ಅನ್ನುವ ಮುದ್ದೆ ಮಾಡುತ್ತಾರೆ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುವುದನ್ನು ನೋಡಿದರೆ ಥೇಟ್ ನಮ್ಮ ಮಂಡ್ಯದವರೇ. ಅಂಗಡಿಯ ಹಿಟ್ಟಿಗೆ ಎಷ್ಟೋ ಸಲ ಮರಗೆಣಸಿನ ಹಿಟ್ಟು ಬೆರೆಸಿರುತ್ತಾರೆ, ಅದಕ್ಕೇ ಕಾಳು ಕೊಂಡು ಮಿಲ್ಲಿಗೆ ಹಾಕಿಸಿ.

ಬಡವರಿಗೆ ಯಾವುದು ಒಳ್ಳೆ ಊಟ ಅಂತ ಗೊತ್ತಿರಲ್ಲ ಅಂತ ನಾನೂ ಬಂದ ಹೊಸದರಲ್ಲಿ ಅಂದುಕೊಂಡಿದ್ದೆ. ಸುಮ್ನೆ ನನ್ನ ಜಂಬ ಅಷ್ಟೇ. ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮಟೋಕೆ ಬಾಳೆಕಾಯಿ, ಶೇಂಗಾ ಅರೆದ ಸಾರು, 'ಡೋಡೊ' ಅನ್ನುವ ದಂಟಿನ ಸೊಪ್ಪು, ಇಷ್ಟರಲ್ಲಿ ಎಣ್ಣೆ ಎಲ್ಲಿದೆ ಹೇಳಿ? ಮಗುವಿಗೆ 'ಕಿಟೊಬೆರೊ' ಕೊಡುತ್ತಾರೆ. ಮಟೋಕೆ, ಬೀನ್ಸ್ ಕಾಳು ಇಲ್ಲವೇ ಶೇಂಗಾ, ಸೊಪ್ಪು, ಇದ್ದರೆ ಒಣಮೀನಿನ ಪುಡಿ, ಎಲ್ಲ ಒಟ್ಟಿಗೆ ಬೇಯಿಸಿ ಕಿವುಚಿದ್ದು. ನಮ್ಮ ಮನೆಗೆಲಸದಾಕೆಯೇ ನನಗೆ ಕಲಿಸಿದಳು.

ತೊಂದರೆ ಇರುವುದು ಒಲೆಯಲ್ಲಿ. ಊರಲ್ಲಿ ಹೆಚ್ಚಿನವರದು ಇದ್ದಿಲ ಒಲೆ, ಬೀನ್ಸ್ ಕಾಳು ಬೇಯಲು ಎರಡು ಮೂರು ಗಂಟೆ ಬೇಕು, ಇದ್ದಿಲ ಬೆಲೆ ಏರಿದ ವಾರ ನಮ್ಮ ಮನೆಗೆಲಸದಾಕೆ ಕಾಳು ನೆನೆಹಾಕುವುದನ್ನೇ ಬಿಡುತ್ತಾಳೆ, ಮಕ್ಕಳಿಗೆ ಬೀದಿಯ 'ರೋಲೆಕ್ಸ್' ಕೊಡಿಸುತ್ತಾಳೆ. ಗಡಿಯಾರ ಅಂದುಕೊಳ್ಳಬೇಡಿ! ಆಮ್ಲೆಟ್ ಒಳಗಿಟ್ಟು ಸುತ್ತಿದ ಮೈದಾ ಚಪಾತಿ ಅದು. ಚಪಾತಿಯನ್ನು ಇಲ್ಲಿಗೆ ತಂದವರು ನಮ್ಮ ಇಂಡಿಯಾದವರೇ, ಯಾರನ್ನು ಬೈಯೋದು? ಶಾಲೆಗಳಲ್ಲಂತೂ ದಿನಾ ಪೋಶೊ, ಅಂದರೆ ಬಿಳಿ ಮೆಕ್ಕೆಜೋಳದ ಮುದ್ದೆ, ಜೊತೆಗೆ ಬೀನ್ಸ್. ಹೊಟ್ಟೆ ತುಂಬುತ್ತದೆ.

ಇನ್ನೊಂದು. ಯಾರಾದರೂ "ದಪ್ಪ ಆಗಿದ್ದೀರಿ" ಅಂದರೆ ಮುಖ ಊದಿಸಿಕೊಳ್ಳಬೇಡಿ, ಅದು ಹೊಗಳಿಕೆ. 1980ರ ದಶಕದಲ್ಲಿ ಇಲ್ಲಿ ಏಡ್ಸ್‌ಗೆ 'ಸ್ಲಿಮ್' ಅಂತಲೇ ಹೆಸರಿತ್ತು, ಸೊರಗಿದವರನ್ನು ಕಂಡರೆ ಹಳಬರಿಗೆ ಇವತ್ತಿಗೂ ಅಳುಕು. ನಾನು ಡಯಟ್ ಮಾಡಿ ಆರು ಕೆಜಿ ಇಳಿಸಿಕೊಂಡು ಖುಷಿಯಲ್ಲಿ ಮಾರ್ಕೆಟ್ಟಿಗೆ ಹೋದರೆ, ಸೊಪ್ಪಿನಾಕೆ ನನ್ನ ಕೈ ಹಿಡಿದು "ಏನಾಯ್ತು" ಅಂತ ಮೆಲ್ಲಗೆ ಕೇಳಿದಳು, ಎರಡು ಕಟ್ಟು ಡೋಡೊ ಪುಕ್ಕಟೆ ಹಾಕಿದಳು.

ರಾಗಿ ಬಿಟ್ಟ ಜಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಳ್ಳಿ, ಇಲ್ಲಿನವರು ಖಾರ ತಿನ್ನುವುದು ಕಡಿಮೆ. ನನಗೂ ಒಂದು ಕೆಜಿ ತನ್ನಿ, ದುಡ್ಡು ಕೊಡ್ತೀನಿ.