ಮೂರಕ್ಕೂ ದಡ್ಡತನವೇ ಕಾರಣವಾ?

ಓದುಗರ ಪತ್ರ: "ಕಳೆದ ಸಂಚಿಕೆಯ ಅರ್ಥಶಾಸ್ತ್ರದ ಲೇಖನ ಓದಿದೆ. ಅಸಮ ಮಾಹಿತಿ, ಮತದಾನದ ಒಗಟು, ವರ್ತನಾ ಅರ್ಥಶಾಸ್ತ್ರ ಅಂತ ಮೂರು ದೊಡ್ಡ ಹೆಸರು. ಮೂರರ ಅರ್ಥವೂ ಒಂದೇ: ಮನುಷ್ಯನಿಗೆ ಬುದ್ಧಿ ಕಡಿಮೆ. ಜನರಿಗೆ ಸರಿಯಾದ ಮಾಹಿತಿ ಕೊಟ್ಟು, ಲೆಕ್ಕ ಹಾಕೋದು ಕಲಿಸಿದರೆ ಮೂರೂ ಸಮಸ್ಯೆ ಮಾಯ. ಇಷ್ಟು ಹೇಳೋಕೆ ಆರು ಪುಟ ಬೇಕಿತ್ತಾ?"

ಸಂಪಾದಕರ ಉತ್ತರ:

ಆರು ಪುಟ ಜಾಸ್ತಿಯಾಯಿತು, ಒಪ್ಪಿದೆ. ಆ ಲೇಖನಕ್ಕೆ 'ನಾವೇಕೆ ಎಡವುತ್ತೇವೆ?' ಅಂತ ತಲೆಬರಹ ಕೊಟ್ಟವನೂ ನಾನೇ. ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದು ಆ ತಲೆಬರಹ. ಹಾಗಾಗಿ ನಿಮ್ಮ ತೀರ್ಮಾನದಲ್ಲಿ ನನಗೂ ಪಾಲಿದೆ. ತೀರ್ಮಾನ ಮಾತ್ರ ತಪ್ಪು. ಈ ಮೂರರಲ್ಲಿ ಮನುಷ್ಯನ ಬುದ್ಧಿ ಎಡವುವುದು ಒಂದರಲ್ಲಿ ಮಾತ್ರ. ಉಳಿದೆರಡರಲ್ಲಿ ಎಲ್ಲರೂ ಸರಿಯಾಗಿ ಯೋಚಿಸಿದರೂ ಗಂಟು ಬೀಳುತ್ತದೆ.

ಮೊದಲು ಅಸಮ ಮಾಹಿತಿ, ಅಂದರೆ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು. ಅದಕ್ಕೆ ಹಳೇ ಕಾರಿನ ಕತೆ. ಇದನ್ನು 1970ರಲ್ಲಿ ಬರೆದವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಅಂಕಿಗಳು ನನ್ನವು. ಒಳ್ಳೆಯ ಕಾರಿಗೆ ಕೊಳ್ಳುವವಳು 100 ಕೊಡಬಲ್ಲಳು, ಕೈಕೊಡುವ ಕಾರಿಗೆ 40. ಮಾರುಕಟ್ಟೆಯಲ್ಲಿ ಎರಡೂ ಅರ್ಧಕ್ಕರ್ಧ ಇವೆ. ಯಾವುದು ಎಂಥದ್ದು ಅಂತ ಗೊತ್ತಿರುವುದು ಮಾರುವವನಿಗೆ ಮಾತ್ರ. ಅವಳು ಸರಾಸರಿ ಹಿಡಿದು 70 ಅನ್ನುತ್ತಾಳೆ. ಸರಿಯಾದ ಲೆಕ್ಕವೇ. ಒಳ್ಳೆಯ ಕಾರಿನವನು 80ಕ್ಕಿಂತ ಕಡಿಮೆಗೆ ಕೊಡುವವನಲ್ಲ. ಕಾರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಅದೂ ಸರಿಯಾದ ಲೆಕ್ಕವೇ. ಈಗ ಮಾರುಕಟ್ಟೆಯಲ್ಲಿ ಉಳಿದದ್ದು ಬರೀ ಕೈಕೊಡುವ ಕಾರುಗಳು. ಅದು ಗೊತ್ತಾದ ಕೂಡಲೇ ಬೆಲೆ 40ಕ್ಕೆ ಇಳಿಯುತ್ತದೆ. 100 ಕೊಡಲು ತಯಾರಿದ್ದವಳು ಇದ್ದಳು, 80ಕ್ಕೆ ಮಾರಲು ತಯಾರಿದ್ದವನೂ ಇದ್ದ. ವ್ಯಾಪಾರ ಮಾತ್ರ ಕುದುರಲಿಲ್ಲ. ಇದರಲ್ಲಿ ದಡ್ಡರು ಯಾರು, ಹೇಳಿ?

ಮಾಹಿತಿ ಕೊಟ್ಟರಾಯಿತು ಅನ್ನುತ್ತೀರಿ. ಕೊಡುವವರು ಯಾರು? ಒಳ್ಳೆಯ ಕಾರಿನವನು 'ನನ್ನದು ಒಳ್ಳೆಯ ಕಾರು' ಅನ್ನುತ್ತಾನೆ. ಕೆಟ್ಟ ಕಾರಿನವನೂ ಅದನ್ನೇ ಹೇಳುತ್ತಾನೆ, ಬಹುಶಃ ಇನ್ನೂ ಚೆನ್ನಾಗಿ. ಪುಕ್ಕಟೆ ಮಾತನ್ನು ಯಾರು ನಂಬುತ್ತಾರೆ? ಕೆಟ್ಟ ಕಾರಿನವನಿಗೆ ದುಬಾರಿ ಬೀಳುವಂಥದ್ದೇನಾದರೂ ಮಾಡಿ ತೋರಿಸಬೇಕು. 'ಒಂದು ವರ್ಷದ ರಿಪೇರಿ ನನ್ನ ಖರ್ಚು' ಅಂತ ಬರೆದುಕೊಡುವುದು ಅಂಥದ್ದು. ಮೈಕಲ್ ಸ್ಪೆನ್ಸ್ 1973ರಲ್ಲಿ ಇದೇ ಯೋಚನೆಯನ್ನು ನೌಕರಿಗೆ ಅನ್ವಯಿಸಿದರು. ಡಿಗ್ರಿಯಿಂದ ಕೆಲಸಕ್ಕೆ ಬೇಕಾದ್ದೇನೂ ಕಲಿಯದಿದ್ದರೂ ಅದಕ್ಕೆ ಬೆಲೆ ಇರಬಹುದು. ಯಾಕೆಂದರೆ ಸಾಮರ್ಥ್ಯ ಕಡಿಮೆ ಇರುವವರಿಗೆ ಅದನ್ನು ಗಳಿಸುವುದು ಜಾಸ್ತಿ ಕಷ್ಟ. ವಿಮೆಯಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ಗುಟ್ಟು ಗೊತ್ತಿರುವುದು ಕೊಳ್ಳುವವರಿಗೆ.

ಅಂದ ಹಾಗೆ, ಅಕರ್ಲಾಫ್ ಅವರ ಆ ಪ್ರಬಂಧವನ್ನು ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು. ತೀರಾ ಸಣ್ಣ ವಿಷಯ ಅನ್ನುವುದು ಒಂದು ತಕರಾರು. 2001ರಲ್ಲಿ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಜೊತೆ ಅವರಿಗೆ ನೊಬೆಲ್ ಬಂತು. ಯಾರದಾದರೂ ಲೇಖನ ವಾಪಸ್ ಕಳಿಸುವಾಗೆಲ್ಲ ನನಗೆ ಇದು ನೆನಪಾಗಿ ಸ್ವಲ್ಪ ಕೈ ನಡುಗುತ್ತದೆ.

ಮತದಾನದ ಒಗಟಿನಲ್ಲಿ ಗುಟ್ಟೇ ಇಲ್ಲ. ಎಲ್ಲರಿಗೂ ಎಲ್ಲ ಗೊತ್ತು. ನಾವು ಮೂವರು ಕೂತು ಮುಖಪುಟದ ಚಿತ್ರ ಆರಿಸುತ್ತಿದ್ದೇವೆ ಅಂದುಕೊಳ್ಳಿ. ನನಗೆ ಮೊದಲು ಹಕ್ಕಿ, ಆಮೇಲೆ ಹಡಗು, ಕೊನೆಗೆ ಮರ. ಎರಡನೆಯವರಿಗೆ ಹಡಗು, ಮರ, ಹಕ್ಕಿ. ಮೂರನೆಯವರಿಗೆ ಮರ, ಹಕ್ಕಿ, ಹಡಗು. ಎರಡೆರಡನ್ನೇ ಮತಕ್ಕೆ ಹಾಕಿ ನೋಡಿ. ಹಕ್ಕಿ ಹಡಗನ್ನು ಸೋಲಿಸುತ್ತದೆ. ಹಡಗು ಮರವನ್ನು ಸೋಲಿಸುತ್ತದೆ. ಹಾಗಾದರೆ ಹಕ್ಕಿಯೇ ಗೆಲ್ಲಬೇಕಲ್ವಾ? ಮರವೂ ಹಕ್ಕಿಯೂ ಎದುರಾದರೆ ಗೆಲ್ಲುವುದು ಮರ! ಪ್ರತಿ ಸಲವೂ ಎರಡಕ್ಕೆ ಒಂದು ಮತ. ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ಈ ಸುತ್ತನ್ನು ಕಂಡಿದ್ದರು. ಒಬ್ಬೊಬ್ಬರ ಮನಸ್ಸೂ ನೆಟ್ಟಗಿದೆ, ಮೂವರು ಸೇರಿದಾಗ ಮಾತ್ರ ತಲೆ ಬುಡ ಇಲ್ಲ. ಹೀಗಿರುವಾಗ ಯಾವ ಜೋಡಿಯನ್ನು ಮೊದಲು ಮತಕ್ಕೆ ಹಾಕಬೇಕು ಅಂತ ತೀರ್ಮಾನಿಸುವವನೇ ದೊರೆ. ಹಕ್ಕಿ ಗೆಲ್ಲಬೇಕೆಂದರೆ ನಾನು ಮೊದಲು ಹಡಗು, ಮರಗಳ ಜಗಳ ಮುಗಿಸಿಬಿಟ್ಟರೆ ಸಾಕು. (ಇದನ್ನು ಓದಿದ ಮೇಲೆ ನಮ್ಮ ಕಚೇರಿಯಲ್ಲಿ ಆ ಕೆಲಸವನ್ನು ನನ್ನಿಂದ ಕಿತ್ತುಕೊಂಡಿದ್ದಾರೆ.)

ಬೇರೆ ವಿಧಾನ ಹುಡುಕಿದರೆ ತಪ್ಪಿಸಿಕೊಳ್ಳಬಹುದಲ್ಲ? 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಅದಕ್ಕೂ ಬಾಗಿಲು ಹಾಕಿದರು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಎಲ್ಲರ ಪಟ್ಟಿಗಳನ್ನು ಸೇರಿಸಿ ಗುಂಪಿಗೊಂದು ಪಟ್ಟಿ ಮಾಡಬೇಕು. ಎಲ್ಲರೂ ಒಂದನ್ನು ಇನ್ನೊಂದಕ್ಕಿಂತ ಮೇಲಿಟ್ಟರೆ ಗುಂಪೂ ಹಾಗೇ ಇಡಬೇಕು. ಎರಡರ ನಡುವಿನ ತೀರ್ಪನ್ನು ಸಂಬಂಧವಿಲ್ಲದ ಮೂರನೆಯದು ಕೆಡಿಸಬಾರದು. ಒಬ್ಬನ ಮಾತೇ ಕೊನೆಯ ಮಾತಾಗಬಾರದು. ಜನ ಯಾವ ಪಟ್ಟಿ ಕೊಟ್ಟರೂ ಈ ಸಾಧಾರಣ ಬೇಡಿಕೆಗಳನ್ನೆಲ್ಲ ಪೂರೈಸುವ ವಿಧಾನ ಇರಲು ಸಾಧ್ಯವೇ ಇಲ್ಲ ಅಂತ ಅವರು ಸಾಧಿಸಿ ತೋರಿಸಿದರು. ಇಷ್ಟಕ್ಕೇ ಚುನಾವಣೆಯೇ ದಂಡ ಅನ್ನಬೇಡಿ. ಎಷ್ಟು ಖರ್ಚು ಮಾಡೋಣ ಅನ್ನುವಂಥ ಪ್ರಶ್ನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಮೆಚ್ಚಿನ ಮೊತ್ತ ಇರುತ್ತದೆ. ಅದರಿಂದ ದೂರ ಹೋದಷ್ಟೂ ಅವರಿಗೆ ಬೇಸರ. ಅಂಥ ಕಡೆ ಸುತ್ತು ಹುಟ್ಟುವುದಿಲ್ಲ, ನಡುವಿನವರ ಆಯ್ಕೆ ಗೆಲ್ಲುತ್ತದೆ. ಇದನ್ನು ತೋರಿಸಿದವರು ಡಂಕನ್ ಬ್ಲ್ಯಾಕ್, 1948ರಲ್ಲಿ.

ಇನ್ನು ಮೂರನೆಯದು, ವರ್ತನಾ ಅರ್ಥಶಾಸ್ತ್ರ: ಜನ ನಿಜವಾಗಿ ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವ ಅಧ್ಯಯನ. ಇಲ್ಲಿ ಎಡವುವುದು ನಮ್ಮ ತಲೆಯೇ, ಆ ಮಾತು ನಿಮ್ಮದೇ ಸರಿ. ಪ್ರತಿ ಸಣ್ಣ ತಪ್ಪಿಗೂ ಒಂದು ಹೆಸರಿಟ್ಟು ಸಿದ್ಧಾಂತ ಅನ್ನುವ ಚಟ ಈ ಕ್ಷೇತ್ರಕ್ಕಿದೆ ಅನ್ನುವುದೂ ನಿಜ. ಆದರೆ 'ಕಲಿಸಿದರೆ ಹೋಗುತ್ತದೆ' ಅನ್ನುವುದು ಅಷ್ಟು ಸಲೀಸಲ್ಲ. 1982ರ ಒಂದು ಅಧ್ಯಯನದಲ್ಲಿ ಡಾಕ್ಟರುಗಳಿಗೂ ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆ ಆರಿಸಲು ಹೇಳಿದರು. ಆಪರೇಷನ್ ಆದ 100 ಜನರಲ್ಲಿ 90 ಮಂದಿ ಬದುಕುತ್ತಾರೆ ಅಂದಾಗ ಅದನ್ನು ಆರಿಸಿದವರು ಜಾಸ್ತಿ. 10 ಮಂದಿ ಸಾಯುತ್ತಾರೆ ಅಂದಾಗ ಕಡಿಮೆ. ಲೆಕ್ಕ ಬರದವರಾ ಇವರು?

ಇನ್ನೊಂದು ನನಗೆ ಬಹಳ ಇಷ್ಟ. ಮ್ಯಾಕ್ಸ್ ಬೇಜರ್ಮನ್ ಮತ್ತು ವಿಲಿಯಂ ಸ್ಯಾಮ್ಯುಯೆಲ್ಸನ್ ಹೆಣೆದ ಒಗಟು. ಒಂದು ಕಂಪನಿ ಮಾರಾಟಕ್ಕಿದೆ. ಅದರ ಬೆಲೆ 0ಯಿಂದ 100ರ ನಡುವೆ ಎಷ್ಟಾದರೂ ಇರಬಹುದು, ಎಲ್ಲಕ್ಕೂ ಸಮಾನ ಅವಕಾಶ. ನಿಜವಾದ ಬೆಲೆ ಮಾಲೀಕನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ನಿಮ್ಮ ಕೈಗೆ ಬಂದರೆ ಆ ಬೆಲೆ ಒಂದೂವರೆ ಪಟ್ಟಾಗುತ್ತದೆ. ನೀವು ಒಂದೇ ಸಲ ಒಂದು ಅಂಕಿ ಹೇಳಬೇಕು. ಎಷ್ಟು ಹೇಳುತ್ತೀರಿ?

ಹೆಚ್ಚಿನವರು 50 ಮತ್ತು 75ರ ನಡುವೆ ಹೇಳುತ್ತಾರೆ. 60 ಅಂದಿರಿ ಅಂತಿಟ್ಟುಕೊಳ್ಳಿ. ಬೆಲೆ 60ಕ್ಕಿಂತ ಜಾಸ್ತಿ ಇದ್ದರೆ ಮಾಲೀಕ ಕೊಡುವುದೇ ಇಲ್ಲ. ಅವನು ಹೂಂ ಅಂದಾಗ ಬೆಲೆ 0ಯಿಂದ 60ರ ನಡುವೆ, ಸರಾಸರಿ 30. ನಿಮ್ಮ ಕೈಯಲ್ಲಿ ಅದು 45. ಅಂದರೆ 15 ನಷ್ಟ. ಯಾವ ಅಂಕಿ ಹೇಳಿದರೂ ಸರಾಸರಿಯಲ್ಲಿ ಕಾಲು ಭಾಗ ಕಳೆದುಕೊಳ್ಳುತ್ತೀರಿ. ಸರಿಯುತ್ತರ ಸೊನ್ನೆ. ಗುಟ್ಟು ಮಾಲೀಕನ ಹತ್ತಿರ ಇರುವುದು ಹಳೇ ಕಾರಿನ ಸಮಸ್ಯೆಯೇ. ಅವನ 'ಹೂಂ' ಕೂಡ ಒಂದು ಸುದ್ದಿ ಅಂತ ನಮಗೆ ಹೊಳೆಯದಿರುವುದು ತಲೆಯ ಸಮಸ್ಯೆ. 1991ರಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಇದನ್ನು 20 ಸುತ್ತು ಆಡಿಸಿ, ಪ್ರತಿ ಸಲ ಫಲಿತಾಂಶವನ್ನೂ ತೋರಿಸಿದರು. ಕಲಿತವರು ಬೆರಳೆಣಿಕೆಯಷ್ಟು.

ಮೊದಲ ಸಲ ಓದಿದಾಗ ನಾನು ಬರೆದ ಅಂಕಿ 65. ಲೆಕ್ಕ ನೋಡುವ ಮೊದಲು ನಿಮ್ಮ ಮನಸ್ಸಿಗೆ ಬಂದದ್ದು ಎಷ್ಟು? ಬರೆದು ಕಳಿಸಿ, ಹೆಸರು ಹಾಕುವುದಿಲ್ಲ.

— ಸಂಪಾದಕ