ಅಮ್ಮನಿಗೆ ಎಡಗಡೆ ಬ್ರೆಸ್ಟ್ ಕ್ಯಾನ್ಸರ್, ಐಎಂಆರ್‌ಟಿ, ಎಸ್‌ಬಿಆರ್‌ಟಿ, ಪ್ರೋಟಾನ್ ಇದ್ರಲ್ಲಿ ಯಾವ ರೇಡಿಯೇಷನ್ ಬೆಸ್ಟ್?

ನಾನು ರೇಡಿಯೇಷನ್ ಮಷಿನ್ ನಡೆಸೋ ಟೆಕ್ನಾಲಜಿಸ್ಟ್, ಪೇಷೆಂಟ್ ಮನೆಯವರು ಇದನ್ನ ಕೇಳ್ತಾನೇ ಇರ್ತಾರೆ. ಹೆಸರು ನೋಡಿ ಆರಿಸೋಕೆ ಹೋಗ್ಬೇಡಿ. ಗಡ್ಡೆ ಎಲ್ಲಿದೆ, ಅದರ ಪಕ್ಕದಲ್ಲಿ ಯಾವ ಅಂಗ ಇದೆ, ಅದ್ರ ಮೇಲೆ ಎಲ್ಲಾ ನಿಂತಿದೆ.

ಐಎಂಆರ್‌ಟಿ ಅಂದ್ರೆ ಮಷಿನ್ ಬಾಯಲ್ಲಿ ತೆಳ್ಳಗಿನ ಲೋಹದ ಪಟ್ಟಿಗಳು ಸಾಲಾಗಿ ಇರ್ತವೆ, ಅವು ಹಿಂದೆ ಮುಂದೆ ಸರೀತಾ ಕಿರಣವನ್ನ ಗಡ್ಡೆ ಆಕಾರಕ್ಕೆ ತರ್ತವೆ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಡೋಸ್ ಬೀಳೋ ಹಾಗೆ. ಗಂಟಲು ಕ್ಯಾನ್ಸರ್‌ನಲ್ಲಿ ಜೊಲ್ಲಿನ ಗ್ರಂಥಿ ಉಳಿಸೋಕೆ ಇದರಿಂದ ತುಂಬಾ ಅನುಕೂಲ ಆಯ್ತು, ಇಲ್ದಿದ್ರೆ ಬಾಯಿ ಒಣಗಿ ಊಟ ನುಂಗೋದೇ ಕಷ್ಟ. ವಿಮ್ಯಾಟ್ ಕೂಡ ಇದೇ ಜಾತಿ, ಮಷಿನ್ ಸುತ್ತ ತಿರುಗ್ತಾ ಕೊಡುತ್ತೆ, ಬೇಗ ಮುಗಿಯುತ್ತೆ. ಎಸ್‌ಬಿಆರ್‌ಟಿ ಶ್ವಾಸಕೋಶ, ಲಿವರ್ ಥರದ ಕಡೆ ಇರೋ ಚಿಕ್ಕ ಗಡ್ಡೆಗೆ, ದೊಡ್ಡ ಡೋಸ್‌ನ ಸಾಮಾನ್ಯವಾಗಿ 5 ಸಿಟಿಂಗ್ ಒಳಗೆ ಮುಗಿಸ್ತಾರೆ. ಆಪರೇಷನ್ ಆದ್ಮೇಲೆ ಇಡೀ ಸ್ತನಕ್ಕೆ ಕೊಡೋ ನಿಮ್ಮಮ್ಮನ ಕೇಸ್‌ಗೆ ಅದು ಹೊಂದಲ್ಲ.

ಪ್ರೋಟಾನ್‌ನ ವಿಶೇಷ ಏನಂದ್ರೆ ಐಎಂಆರ್‌ಟಿ, ಎಸ್‌ಬಿಆರ್‌ಟಿಯಲ್ಲಿ ಬಳಸೋ ಎಕ್ಸ್‌ರೇ ಥರ ಮೈ ದಾಟಿ ಆಚೆ ಹೋಗಲ್ಲ, ಇಂತಿಷ್ಟು ಆಳಕ್ಕೆ ಹೋಗಿ ಅಲ್ಲೇ ಶಕ್ತಿ ಬಿಟ್ಟು ನಿಂತುಬಿಡುತ್ತೆ. ಇದನ್ನ ಚಿಕಿತ್ಸೆಗೆ ಬಳಸ್ಬಹುದು ಅಂತ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಬರೆದಿದ್ದು 1946ರಲ್ಲೇ. ಮಕ್ಕಳ ಮೆದುಳಿನ ಗಡ್ಡೆಗೆ ಇದು ನಿಜವಾಗ್ಲೂ ದೊಡ್ಡ ವರ, ಬೆಳೆಯೋ ಮೆದುಳಿಗೆ ಬೇಡದ ಡೋಸ್ ತಪ್ಪುತ್ತೆ. ಹಾಗಂತ ಪ್ರೋಟಾನ್ ಸಿಗ್ಲಿಲ್ಲ, ಅಮ್ಮನಿಗೆ ಅನ್ಯಾಯ ಆಯ್ತು ಅಂತ ದಯವಿಟ್ಟು ಕೊರಗ್ಬೇಡಿ.

ಯಾಕಂದ್ರೆ ಎಡಗಡೆ ಅಂದಾಗ ನಮಗಿರೋ ಚಿಂತೆ ಹೃದಯದ್ದು, ಅದಕ್ಕೆ ಎಕ್ಸ್‌ರೇ ರೇಡಿಯೇಷನ್‌ನಲ್ಲೇ ಒಂದು ಸರಳ ಉಪಾಯ ಇದೆ, ಡಿಐಬಿಎಚ್ ಅಂತಾರೆ. ಪೇಷೆಂಟ್ ಜೋರಾಗಿ ಉಸಿರು ಎಳ್ಕೊಂಡು ಸುಮಾರು 20 ಸೆಕೆಂಡ್ ಹಿಡ್ಕೋತಾರೆ, ಶ್ವಾಸಕೋಶ ತುಂಬಿಕೊಂಡಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತೆ, ಅಷ್ಟು ಹೊತ್ತು ಮಾತ್ರ ನಾವು ಕಿರಣ ಬಿಡ್ತೀವಿ, ಉಸಿರು ಬಿಟ್ರೆ ನಿಲ್ಲಿಸ್ತೀವಿ. ಮೊದಲನೇ ದಿನ ಆಗಲ್ಲ ಅಂತ ಕಣ್ಣಲ್ಲಿ ನೀರು ಹಾಕಿದವರು ಒಂದೆರಡು ದಿನದಲ್ಲೇ ಸಲೀಸಾಗಿ ಮಾಡಿದ್ದು ಎಷ್ಟೋ ಸಲ ನೋಡಿದೀನಿ.

ಡಾಕ್ಟರ್ ಹತ್ರ ಎರಡು ವಿಷಯ ಕೇಳಿ. ಪ್ಲಾನ್‌ನಲ್ಲಿ ಹೃದಯಕ್ಕೆ ಸರಾಸರಿ ಎಷ್ಟು ಗ್ರೇ (ರೇಡಿಯೇಷನ್ ಡೋಸ್‌ನ ಅಳತೆ) ಹೋಗುತ್ತೆ, ಡಿಐಬಿಎಚ್ ಇಂದ ಅದು ಎಷ್ಟು ಇಳಿಯುತ್ತೆ. ಆಮೇಲೆ ಎಷ್ಟು ಸಿಟಿಂಗ್. ಮುಂಚೆ 50 ಗ್ರೇ 25 ಸಿಟಿಂಗ್, ಐದು ವಾರ ಓಡಾಡ್ಬೇಕಿತ್ತು, ಈಗ 40 ಗ್ರೇ 15 ಸಿಟಿಂಗ್‌ನಲ್ಲಿ ಮುಗಿಯುತ್ತೆ, ಕೆಲವರಿಗೆ 26 ಗ್ರೇ 5 ಸಿಟಿಂಗ್ ಸಾಕು. ಡಾಕ್ಟರ್ ಡಿಐಬಿಎಚ್‌ಗೆ ಹೂಂ ಅಂದ್ರೆ ಪ್ಲಾನಿಂಗ್ ಸ್ಕ್ಯಾನ್‌ಗೆ ಮುಂಚೇನೇ ಅಮ್ಮನ್ನ ಮಲಗಿಸಿ, ಪಕ್ಕದಲ್ಲಿ ಕೂತು 20ರವರೆಗೆ ಎಣಿಸ್ತಾ ಉಸಿರು ಹಿಡಿಯೋದನ್ನ ಪ್ರಾಕ್ಟೀಸ್ ಮಾಡ್ಸಿ.