ಘಾಟಿಯಲ್ಲಿ ಕಾಯುವ ಕಾರು, ಸಿಗ್ನಲ್‌ನಲ್ಲಿ ಕಾಯುವ ಕಾರು

ಪ್ರಶ್ನೆ: ನಮ್ಮದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಹಾಸನ ಪೇಟೆಯೊಳಗೆ ಎಷ್ಟು ಓಡಿಸಿದರೂ ತೊಂದರೆಯಿಲ್ಲ. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದರೆ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಗ್ಯಾರೇಜಿನಲ್ಲಿ ಫ್ಯಾನ್ ಮೋಟಾರ್ ಬದಲಾಯಿಸಿದರು, ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ತೆರೆದು ಬಿಸಿನೀರನ್ನು ತಣಿಯಲು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದೇಬಿಟ್ಟರು. ಪ್ರಯೋಜನವಾಗಿಲ್ಲ. ನೀರು ಇಳಿದಾಗ ಮನೆಯ ಬೋರ್‌ವೆಲ್ ನೀರನ್ನೇ ತುಂಬುತ್ತೇವೆ. ಮುಂದೇನು ಮಾಡಿಸಬೇಕು?
(ಹಾಸನದ ಓದುಗರು)

ಉತ್ತರ: ಬಿಡಿಭಾಗಕ್ಕೆ ಕೈಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಕಾರು ಯಾವಾಗ ಕಾಯುತ್ತದೆ? ನಿಂತಾಗ ಕಾದು ಓಡುವಾಗ ತಣಿದರೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ನೋಡಬೇಕು. ಸ್ಟಾರ್ಟ್ ಮಾಡಿದ ಹತ್ತು ನಿಮಿಷದೊಳಗೇ ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಕಚ್ಚಿಕೊಂಡಿದೆ, ಇಲ್ಲವೇ ಒಳಗೆ ನೀರೇ ಇಲ್ಲ. ಪೇಟೆಯಲ್ಲಿ ಸುಮ್ಮನಿದ್ದು ಏರಿನಲ್ಲಿ ಕಾದರೆ, ಎಂಜಿನ್ ಹೆಚ್ಚು ದುಡಿದು ಹುಟ್ಟಿಸಿದಷ್ಟು ಶಾಖವನ್ನು ರೇಡಿಯೇಟರ್ ಹೊರಹಾಕಲಾಗುತ್ತಿಲ್ಲ. ನಿಮ್ಮದು ಈ ಕೊನೆಯ ಬಗೆ. ಲಾರಿಗಳ ಹಿಂದೆ ತೆವಳುವಾಗ ಘಾಟಿಯಲ್ಲೂ ಫ್ಯಾನ್ ಬೇಕು, ನಿಜ. ಆದರೆ ಅದು ಕೆಟ್ಟಿದ್ದರೆ ಹಾಸನದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲೇ ಗೊತ್ತಾಗುತ್ತಿತ್ತು. ಮೋಟಾರಿಗೆ ಕೊಟ್ಟ ದುಡ್ಡು ದಂಡ.

ಮೊದಲ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದ ಲೋಹಕ್ಕೆ ಬಿಳಿ ಹಕ್ಕಳೆಯಾಗಿ ಅಂಟುತ್ತವೆ. ರೇಡಿಯೇಟರಿನ ಚಪ್ಪಟೆ ಕೊಳವೆಗಳ ಸಂದು ಇರುವುದೇ ಒಂದೆರಡು ಮಿಲಿಮೀಟರ್. ಅದರಲ್ಲಿ ಕೆಲವು ಮುಚ್ಚಿಹೋದರೂ ಪೇಟೆಯ ಓಡಾಟಕ್ಕೆ ಉಳಿದವು ಸಾಕಾಗುತ್ತವೆ. ನಾಲ್ಕು ಜನ, ಸಾಮಾನು, ಎಸಿ ಸೇರಿ ಎರಡನೇ ಗೇರಿನಲ್ಲಿ ಏರು ಹತ್ತುವಾಗ ಸಾಲುವುದಿಲ್ಲ.

ಪರೀಕ್ಷೆ ಹೀಗೆ. ರಾತ್ರಿಯಿಡೀ ನಿಂತು ತಣಿದ ಕಾರಿನ ರೇಡಿಯೇಟರ್ ಕ್ಯಾಪ್ ತೆಗೆದು ಟಾರ್ಚ್ ಬಿಡಿ. ಕೊಳವೆಗಳ ಬಾಯಲ್ಲಿ ಬಿಳಿ ಅಥವಾ ತುಕ್ಕು ಬಣ್ಣದ ಹಕ್ಕಳೆ ಕಂಡರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಎಂಜಿನ್ ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಫ್ಯಾನಿನ ಪ್ಲಗ್ ಕಳಚಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಮೇಲೆಲ್ಲ ಆಡಿಸಿ. ಸುತ್ತ ಬಿಸಿಯಿದ್ದು ನಡುವೆ ತೇಪೆ ಹಾಕಿದಂತೆ ತಣ್ಣನೆಯ ಜಾಗ ಸಿಕ್ಕಿದರೆ ಅಲ್ಲಿ ನೀರು ಹರಿಯುತ್ತಿಲ್ಲ. ಥರ್ಮೋಸ್ಟಾಟ್ ತೆರೆದುಕೊಂಡ ಮೇಲೂ ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಹರಿವೇ ನಿಂತಿದೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು. ಎರಡು ಹೋಸ್‌ಗಳೂ ಸಮನಾಗಿ ಸುಟ್ಟರೆ ನೀರು ಹರಿಯುತ್ತಿದೆ, ಗಾಳಿ ಹಾಯುತ್ತಿಲ್ಲ. ಮುಂದಿರುವ ಎಸಿ ಕಂಡೆನ್ಸರಿಗೂ ಅದರ ಹಿಂದಿನ ರೇಡಿಯೇಟರಿಗೂ ನಡುವೆ ಧೂಳು, ಹುಳು, ಒಣಗಿದ ಕೆಸರು ಕಂಬಳಿಯಂತೆ ಹಾಸಿಕೊಂಡಿರುತ್ತದೆ, ಮುಂದಿನಿಂದ ಬಗ್ಗಿ ನೋಡಿದರೆ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ತಗಡಿನ ಫಿನ್‌ಗಳು ಮಡಚಿಹೋಗುತ್ತವೆ.

ಹಕ್ಕಳೆ ತೆಳುವಾಗಿದ್ದರೆ ಫ್ಲಶಿಂಗ್ ದ್ರವ ಹಾಕಿ ಎರಡು ಮೂರು ಸಲ ತೊಳೆಸಿದರೆ ಆದೀತು. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರಾಗಿದ್ದರೆ ಬೆಸುಗೆ ಬಿಡಿಸಿ ಸಲಾಕೆ ಹಾಕಿ ಕೆರೆಯುತ್ತಿದ್ದರು. ಈಗಿನ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನದಕ್ಕೆ ಅದು ನಡೆಯದು, ಹೊಸದೇ ಹಾಕಿಸಬೇಕು.

ಥರ್ಮೋಸ್ಟಾಟನ್ನು ದಯವಿಟ್ಟು ವಾಪಸ್ ಹಾಕಿಸಿ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆದುಕೊಳ್ಳುವ ಈ ಭಾಗವಿಲ್ಲದಿದ್ದರೆ ಬೆಳಗ್ಗೆ ಎಂಜಿನ್ ಬೇಗ ಕಾವೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇನ್ನೊಂದು ಅಪಾಯ ಮೆಕ್ಯಾನಿಕ್‌ಗಳಿಗೂ ಮರೆತುಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ತಾನೇ ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ, ಕಾವು ಇನ್ನೂ ಏರುತ್ತದೆ.

ಕ್ಯಾಪನ್ನೂ ಬದಲಿಸಿ. ಅದರ ಮೇಲಿನ 0.9 ಅಥವಾ 1.1 ಎಂಬ ಅಂಕಿ ಒತ್ತಡದ್ದು, ಬಾರ್ ಲೆಕ್ಕದಲ್ಲಿ. ಆ ಒತ್ತಡ ನಿಂತರೆ ಬರೀ ನೀರು ಕೂಡ 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯದು. ರಬ್ಬರ್ ವಾಷರ್ ಒಡೆದಿದ್ದರೆ 100ಕ್ಕೇ ಕುದಿದು ರಿಸರ್ವ್ ಟ್ಯಾಂಕಿನಿಂದ ಚೆಲ್ಲುತ್ತದೆ. ನಿಮ್ಮ ನೀರು ಇಳಿಯುವುದಕ್ಕೆ ಇದೂ ಕಾರಣವಿರಬಹುದು. ಹಳೆಯ ಅಂಕಿಯದೇ ತನ್ನಿ.

ಕೊನೆಗೆ ಕೂಲೆಂಟ್, ಬೋರ್‌ವೆಲ್ ನೀರಿನ ಬದಲು ತುಂಬಬೇಕಾದ ದ್ರವ. ವ್ಯವಸ್ಥೆ 4 ಲೀಟರಿನದಾದರೆ 2 ಲೀಟರ್ ಸಾಂದ್ರ ಕೂಲೆಂಟ್, 2 ಲೀಟರ್ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್. ಫ್ಲಶ್ ಮಾಡಿದ ನೀರು ಎಂಜಿನ್ ಬ್ಲಾಕಿನೊಳಗೆ ಸ್ವಲ್ಪ ಉಳಿದಿರುವುದರಿಂದ ಮೊದಲು ಸಾಂದ್ರ ಕೂಲೆಂಟನ್ನೇ ಪೂರ್ತಿ ಸುರಿದು ಆಮೇಲೆ ನೀರು ಸೇರಿಸಿ. ಬೆರೆಸಿಯೇ ಮಾರುವ ಕೂಲೆಂಟಿಗೆ ನೀರು ಕೂಡಿಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು-ಕೆಂಪಿಗೆ ಯಾವ ಕಟ್ಟುಪಾಡೂ ಇಲ್ಲ. ಕಾರಿನ ಕೈಪಿಡಿ ಹೇಳಿದ ಮಾದರಿ ಮುಖ್ಯ. ತುಂಬುವಾಗ ಕಾರಿನ ಮೂತಿ ಸ್ವಲ್ಪ ಮೇಲಿರಲಿ, ಹೀಟರ್ ಪೂರ್ತಿ ಬಿಸಿಗಿರಲಿ, ಕ್ಯಾಪ್ ತೆರೆದಿಟ್ಟು ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಗುಳ್ಳೆ ಬರುವುದು ನಿಲ್ಲಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಇಷ್ಟೆಲ್ಲ ಮಾಡಿಸಿಯೂ ಕಾರು ಮತ್ತೆ ಕಾಯುತ್ತದೆ.

ಪ್ರಶ್ನೆ: ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಮುಳ್ಳು ಏರುತ್ತದೆ, ರಸ್ತೆ ಬಿಡುವಾದರೆ ಇಳಿಯುತ್ತದೆ. ಫ್ಯಾನ್ ಕೆಲವೊಮ್ಮೆ ತಿರುಗುವುದು ಕಾಣುತ್ತದೆ.

ಉತ್ತರ: ಎಸಿ ಹಾಕಿ ನೋಡಿ. ಆಗ ಫ್ಯಾನ್ ತಿರುಗಿ, ಎಸಿ ಇಲ್ಲದೆ ಎಷ್ಟು ಕಾದರೂ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿನ ತಪ್ಪು. ಯಾವಾಗಲೂ ತಿರುಗದಿದ್ದರೆ ಫ್ಯೂಸ್ ನೋಡಿ, ಬಳಿಕ ಫ್ಯಾನ್ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್) ಜಾಗಕ್ಕೆ ಅದೇ ನಂಬರಿನ ಹಾರ್ನ್ ರಿಲೇ ಹಾಕಿ ಪರೀಕ್ಷಿಸಿ, ಅದೂ ಆಗದಿದ್ದರೆ ಮೋಟಾರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿದರೆ ಮೋಟಾರ್ ಒಳ್ಳೆಯದು, ದೋಷ ಹಿಂದಿನ ವೈರಿಂಗಿನಲ್ಲಿ. 'ಕೆಲವೊಮ್ಮೆ' ಎಂದಿದ್ದೀರಿ: ಎರಡು ವೇಗದ ಫ್ಯಾನುಗಳಲ್ಲಿ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟರೆ ನಿಧಾನದ ವೇಗ ಸತ್ತು, ಜೋರಿನದು ಮಾತ್ರ ತಡವಾಗಿ ಬರುತ್ತದೆ. ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದ ಮೋಟಾರೂ ಹೀಗೇ ಆಟವಾಡಿಸುತ್ತದೆ. ಎಂಜಿನ್ ಆಫಾದ ಮೇಲೂ ಫ್ಯಾನ್ ತಟ್ಟನೆ ತಿರುಗೀತು, ಬೆರಳು ಜೋಪಾನ.

ಪ್ರಶ್ನೆ: ಕೂಲೆಂಟ್ ವಾರಕ್ಕೆ ಅರ್ಧ ಲೀಟರ್ ಇಳಿಯುತ್ತದೆ, ಎಲ್ಲೂ ಸೋರುತ್ತಿಲ್ಲ. ಅರಿಶಿನ ಪುಡಿ ಹಾಕಿ ಎನ್ನುತ್ತಾರೆ. (ಕಲಬುರಗಿ)

ಉತ್ತರ: ಮೊದಲು ಮುಂದಿನ ಸೀಟಿನವರ ಕಾಲಡಿಯ ಮ್ಯಾಟ್ ಮುಟ್ಟಿ ನೋಡಿ, ಹೀಟರ್ ಕೋರ್ (ಬಿಸಿಗಾಳಿಗಾಗಿ ಕೂಲೆಂಟ್ ಹರಿಯುವ ಭಾಗ) ಸೋರಿದರೆ ನೀರು ಬರುವುದು ಅಲ್ಲಿಗೆ. ಅದು ಒಣಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಬ್ಲಾಕಿಗೂ ನಡುವಿನ ಪದರ) ಮೇಲೆ ಅನುಮಾನ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಕಾದ ಮೇಲೂ ಬಿಡದ ಬಿಳಿ ಹೊಗೆ, ಕಾಫಿ ಬಣ್ಣಕ್ಕೆ ತಿರುಗಿದ ಆಯಿಲ್ ಇದರ ಗುರುತು. ನಾಲ್ಕೂ ಒಟ್ಟಿಗೆ ಇರಬೇಕೆಂದಿಲ್ಲ. ಹೆಡ್ ಬಿಚ್ಚಿಸಿದರೆ ಸ್ಟ್ರೈಟ್ ಎಡ್ಜ್, ಫೀಲರ್ ಗೇಜ್ ಇಟ್ಟು ಬೆಂಡ್ ಅಳೆದು, ಬೇಕಿದ್ದರೆ ಫೇಸಿಂಗ್ (ಉಜ್ಜಿ ಮೈ ಸಮಮಾಡುವುದು) ಮಾಡಿಸಿಯೇ ಹೊಸ ಗ್ಯಾಸ್ಕೆಟ್ ಕೂರಿಸಿ. ಅರಿಶಿನ ಹಳೆಯ ಜೀಪು, ಲಾರಿಗಳ ರೇಡಿಯೇಟರಿನ ಸಣ್ಣ ತೂತಿಗೆ ದಾರಿಮಧ್ಯದ ಉಪಾಯ. ಗ್ಯಾಸ್ಕೆಟ್ಟಿಗೆ ಅದು ಮದ್ದಲ್ಲ, ಈಗಿನ ಸಣ್ಣ ಕೊಳವೆಗಳನ್ನೂ ಕಟ್ಟುತ್ತದೆ.

ಪ್ರಶ್ನೆ: ದಾರಿಯಲ್ಲೇ ಮುಳ್ಳು ಏರಿದರೆ?

ಉತ್ತರ: ಎಸಿ ಆಫ್, ಹೀಟರ್ ಮತ್ತು ಬ್ಲೋವರ್ ಪೂರ್ತಿ, ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಕೆಂಪು ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮೇಲಿನ ಹೋಸನ್ನು ಕೈಯಲ್ಲಿ ಹಿಂಡುವಷ್ಟು ತಣಿಯುವವರೆಗೆ, ಮುಕ್ಕಾಲು ಗಂಟೆಯೇ ಆಗಲಿ, ಕ್ಯಾಪ್ ಮುಟ್ಟಬೇಡಿ. ತಣ್ಣೀರನ್ನು ಕಾದ ಎಂಜಿನ್ನಿಗೆ ಸುರಿದರೆ ಹೆಡ್ ಬಿರುಕು ಬಿಡಬಹುದು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಗೆದ್ದೆವೆಂದು ಮುಂದೆ ಹೋಗಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರೆಲ್ಲ ಖಾಲಿಯಾದಾಗಲೂ ಮುಳ್ಳು ಹಾಗೇ ಬೀಳುತ್ತದೆ.